“ಗ್ಲಾಕೋಮಾದ ಡ್ರಾಪ್ಸ್ ಕಣ್ಣಿನ ಪ್ರೆಶರ್ ಇಳಿಸುತ್ತದೆ ಅಷ್ಟೇ, ರೋಗದ ಬೇರು ಹಾಗೇ ಇರುತ್ತದಂತೆ. ನಿಜವೇ ಡಾಕ್ಟ್ರೇ?”

ಓದುಗರ ಪತ್ರ:

“ನನಗೆ 51 ವರ್ಷ. ಊರು ಕುಂದಾಪುರದ ಹತ್ತಿರ, ಮದುವೆಯಾದಾಗಿನಿಂದ ಡೊಂಬಿವಲಿಯಲ್ಲಿದ್ದೇನೆ. ಅಪ್ಪಯ್ಯ ಮುಂಬಯಿಯ ಫೋರ್ಟಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಅರವತ್ತರ ಆಚೀಚೆ ಅವರಿಗೆ ಕಣ್ಣು ಮಂಜಾಗತೊಡಗಿತು. ‘ಪೊರೆ ಬಂದಿದೆ, ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು’ ಎಂದು ಎರಡು ಮೂರು ವರ್ಷ ದೂಡಿದರು. ಕೊನೆಗೆ ತೋರಿಸಿದಾಗ ಡಾಕ್ಟರು ‘ಇದು ಮೋತಿಬಿಂದು ಅಲ್ಲ, ಕಾಚಬಿಂದು’ ಎಂದರು, ಅಂದರೆ ಪೊರೆಯಲ್ಲ, ಗ್ಲಾಕೋಮಾ. ಅಷ್ಟರಲ್ಲಿ ಒಂದು ಕಣ್ಣು ಹೋಗಿತ್ತು. ಇನ್ನೊಂದರಲ್ಲಿ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತಿತ್ತು.

ಈ ವರ್ಷ ಕನ್ನಡಕ ಬದಲಿಸಲು ಹೋದಾಗ ನನಗೂ ಕಣ್ಣಿನ ಪ್ರೆಶರ್ ಇದೆ ಎಂದರು. ಬಲಗಣ್ಣು 26, ಎಡಗಣ್ಣು 24. ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ದಪ್ಪ 512 ಎಂದು ಬರೆದಿದ್ದಾರೆ. ಬಲಗಣ್ಣಿನ ನರ ಕೆಳಭಾಗದಲ್ಲಿ ತೆಳುವಾಗಿದೆಯಂತೆ, ನೋಟದ ಹರವು ನೋಡುವ ಫೀಲ್ಡ್ ಟೆಸ್ಟಿನಲ್ಲಿ ಮೇಲುಗಡೆ ಸ್ವಲ್ಪ ಕಪ್ಪು ಬಂದಿದೆ. ರಾತ್ರಿ ಲ್ಯಾಟಾನೊಪ್ರೊಸ್ಟ್ ಒಂದು ಹನಿ ಹಾಕಲು ಹೇಳಿದರು. ಎರಡು ತಿಂಗಳಿಗೆ 20 ಮತ್ತು 19ಕ್ಕೆ ಇಳಿದಿದೆ.

ತಂಗಿಯ ಮಗ ಪುಣೆಯಲ್ಲಿ ಬಯೋಟೆಕ್ನಾಲಜಿ ಓದುತ್ತಾನೆ. ಅವನು ಹೇಳುವುದು ಹೀಗೆ: ‘ದೊಡ್ಡಮ್ಮ, ಗ್ಲಾಕೋಮಾಕ್ಕೆ ನಿಜವಾದ ಕಾರಣ ಪ್ರೆಶರ್ ಅಲ್ಲ, ಜೀವಕೋಶಗಳ ಸಿಗ್ನಲ್ ಅಣುಗಳು. ಟಿಜಿಎಫ್-ಬೀಟಾ, ಎಂಡೊಥೆಲಿನ್, ಇಂಥವು. ನಿಮ್ಮ ಡ್ರಾಪ್ಸ್ ಪ್ರೆಶರ್ ಇಳಿಸುತ್ತದೆ ಅಷ್ಟೇ, ಬೇರು ಹಾಗೇ ಇರುತ್ತದೆ.’ ಹಾಗಾದರೆ ಜೀವಮಾನವಿಡೀ ಈ ಹನಿ ಹಾಕಿ ಏನುಪಯೋಗ? ಆ ಅಣುಗಳನ್ನು ರಕ್ತಪರೀಕ್ಷೆಯಲ್ಲಿ ನೋಡಬಹುದೇ? ಬಿ3 ವಿಟಮಿನ್ ಮಾತ್ರೆಯಿಂದ ನರ ಉಳಿಯುತ್ತದೆ ಎಂದೂ ಓದಿದೆ. ಯೋಗ ಕ್ಲಾಸಿನಲ್ಲಿ ಶೀರ್ಷಾಸನ ಕಣ್ಣಿಗೆ ಒಳ್ಳೆಯದು ಎನ್ನುತ್ತಾರೆ. ಅಂದ ಹಾಗೆ, ಈ ಹನಿ ಶುರುವಾದ ಮೇಲೆ ಕಣ್ಣು ಹೆಚ್ಚು ಕೆಂಪಾಗುತ್ತದೆ. ನನಗೆ ಧೂಳಿನ ಅಲರ್ಜಿ ಮೊದಲಿನಿಂದಲೂ ಇದೆ. ಮೆಡಿಕಲ್‌ನವರು ಕೊಡುವ ಕೆಂಪುಕಣ್ಣಿನ ಡ್ರಾಪ್ಸ್ ಎರಡು ದಿನ ಹಾಕಿದರೆ ತಿಳಿಯಾಗುತ್ತದೆ, ಹಾಗಾಗಿ ಅದರ ಚಿಂತೆಯಿಲ್ಲ.”

ಉತ್ತರ:

ಮೊದಲು ಇವತ್ತು ರಾತ್ರಿಯ ವಿಷಯ. ಹನಿ ಹಾಕಿಕೊಳ್ಳಿ. ವಾದ ಇತ್ಯರ್ಥವಾಗಲಿ, ಆಮೇಲೆ ಔಷಧ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಹೋದ ನರ ಮರಳಿ ಬರುವುದಿಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಪ್ರಶ್ನೆಗಳಿಗಾಗಿ. ಎರಡನೆಯ ಸಲ, ಕೊನೆಗೆ ‘ಅಂದ ಹಾಗೆ’ ಎಂದು ಸೇರಿಸಿದ ಸಾಲಿಗಾಗಿ. ಚಿಂತೆಯಿಲ್ಲ ಎಂದು ನೀವು ಬಿಟ್ಟ ಆ ಸಾಲೇ ನನಗೆ ಹೆಚ್ಚು ಚಿಂತೆ ತಂದಿದೆ. ಅದಕ್ಕೆ ಬರುತ್ತೇನೆ.

ನಿಮ್ಮ ಅಳುಕು ನನಗೆ ಅರ್ಥವಾಗಿರುವುದು ಇಷ್ಟು: ಅಪ್ಪಯ್ಯ ಬೇರೆ ಕಾಯಿಲೆ ಎಂದುಕೊಂಡು ಕಾದು ಕಣ್ಣು ಕಳೆದುಕೊಂಡರು, ಈಗ ನಾನೂ ಬೇರೆಲ್ಲೋ ಇರುವ ರೋಗಕ್ಕೆ ಇನ್ನೆಲ್ಲೋ ಹನಿ ಹಾಕುತ್ತ ಕೂತಿದ್ದೇನೆಯೇ? ನ್ಯಾಯವಾದ ಅಳುಕು. ಅಪ್ಪಯ್ಯನ ಮೇಲೆ ಬೇಸರ ಬೇಡ. ಮರಾಠಿಯಲ್ಲಿ ಎರಡು ರೋಗಕ್ಕೂ ಬಿಂದು ಎಂಬ ಬಾಲ, ಹಿಂದಿಯವರಿಗೆ ಒಂದು ಸಫೇದ್ ಮೋತಿಯಾ, ಇನ್ನೊಂದು ಕಾಲಾ ಮೋತಿಯಾ, ನಮ್ಮವರ ಬಾಯಲ್ಲಿ ಎಲ್ಲವೂ ಪೊರೆ. ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಇವತ್ತಿಗೂ ‘ಹಣ್ಣಾಗಲಿ ಅಂತ ಕಾಯ್ತಿದ್ದೆ’ ಎಂದು ಬರುವವರಿದ್ದಾರೆ. ಪೊರೆಯಲ್ಲಿ ಮಸುಕಾಗುವುದು ಕಣ್ಣಿನೊಳಗಿನ ಮಸೂರ, ಅದನ್ನು ತೆಗೆದು ಬೇರೆ ಕೂರಿಸಬಹುದು. ಗ್ಲಾಕೋಮಾದಲ್ಲಿ ಸಾಯುವುದು ಕಣ್ಣಿನಿಂದ ಮಿದುಳಿಗೆ ಹೋಗುವ ನರ. ಆ ನರ ಸುಮಾರು 12 ಲಕ್ಷ ಎಳೆಗಳ ಹೊರೆ, ಒಂದೊಂದಾಗಿ ಕಡಿಯುತ್ತ ಹೋಗುತ್ತದೆ, ನೋವೂ ಇರುವುದಿಲ್ಲ. ಕಿಂಗ್ಸ್ ಸರ್ಕಲ್ ಕಡೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಎಷ್ಟೋ ವರ್ಷ ಕೂತವರೊಬ್ಬರು ನನ್ನ ಹತ್ತಿರ ಬಂದದ್ದು, ಎಡಗಡೆಯಿಂದ ಗಿರಾಕಿ ಸರಿಸಿದ ನಾಣ್ಯ ಕಾಣದೆ ‘ದುಡ್ಡು ಎಲ್ಲಿ’ ಎಂದು ದಿನಕ್ಕೆ ನಾಲ್ಕು ಜಗಳವಾಗುತ್ತಿದೆ ಎಂದು ಮಗ ಎಳೆದು ತಂದಾಗ. ಚಾರ್ಟಿನ ಕೊನೆಯ ಸಾಲನ್ನು ಅವರು ತಡವರಿಸದೆ ಓದಿದರು. ನೇರ ನೋಟ ಸರಿಯಿತ್ತು, ಹೋದದ್ದು ಬದಿಯ ನೋಟ.

ಈಗ ನಿಮ್ಮ ತಂಗಿಯ ಮಗನ ಮಾತು. ಅರ್ಧ ಸರಿಯಾಗಿ ಹೇಳಿದ್ದಾನೆ. ಜೀವಕೋಶಗಳ ಸಂದೇಶ ಒಯ್ಯುವ ಅಣುಗಳಿಗೆ ಈ ರೋಗದಲ್ಲಿ ದೊಡ್ಡ ಪಾತ್ರವಿದೆ. ಆದರೆ ಪ್ರೆಶರ್ ಒಂದು ಕಡೆ, ಸಂದೇಶ ಇನ್ನೊಂದು ಕಡೆ ಎಂದು ಬೇಲಿ ಹಾಕಿದ್ದಾನಲ್ಲ, ಎಡವಿದ್ದು ಅಲ್ಲಿ. ಪ್ರೆಶರ್ ಏರುವುದೇ ಸಂದೇಶ ಕೆಟ್ಟು. ನೀವು ರಾತ್ರಿ ಹಾಕುವ ಹನಿ ಪ್ರೆಶರ್ ಇಳಿಸುವುದೂ ಇನ್ನೊಂದು ಸಂದೇಶ ಕಳಿಸಿಯೇ.

ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಇದೆ. ಕಣ್ಣೀರು ಬೇರೆ, ಇದು ಒಳಗಿನದು. ನಿಮಿಷಕ್ಕೆ ಎರಡು, ಎರಡೂವರೆ ಮೈಕ್ರೊಲೀಟರ್ ಹೊಸದಾಗಿ ಹುಟ್ಟುತ್ತದೆ, ಅಷ್ಟೇ ಹೊರಗೆ ಹೋಗುತ್ತದೆ. ಒಂದೂವರೆ ಎರಡು ಗಂಟೆಗೆ ಎಲ್ಲ ನೀರೂ ಬದಲು. ಹೊರಹೋಗುವ ಮುಖ್ಯ ದಾರಿ ಕಾರ್ನಿಯಾ ಮತ್ತು ಕಣ್ಣಿನ ಬಣ್ಣದ ಭಾಗ ಸೇರುವ ಮೂಲೆಯಲ್ಲಿರುವ ಒಂದು ಸೂಕ್ಷ್ಮ ಜಾಲರಿ. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಎಲ್ಲ ಕಡೆ ಒಂದೇ ಸಮ ಸುರಿದರೂ ಹಿಂದ್‌ಮಾತಾದಲ್ಲಿ ಮೊಣಕಾಲು ಮುಳುಗುವುದು ನೀರು ಹೋಗುವ ದಾರಿ ಸಾಲದೆ. ಗ್ಲಾಕೋಮಾದಲ್ಲೂ ಸಾಮಾನ್ಯವಾಗಿ ನೀರು ಹೆಚ್ಚು ಹುಟ್ಟುವುದಿಲ್ಲ, ಜಾಲರಿ ಕಟ್ಟಿರುತ್ತದೆ.

ಇಲ್ಲಿಗೆ ಮೋರಿಯ ಹೋಲಿಕೆ ಮುಗಿಯಿತು. ಏಕೆಂದರೆ ಈ ಜಾಲರಿಗೆ ಜೀವವಿದೆ. ಅದರ ಎಳೆಗಳ ಮೇಲೆ ಕೂತ ಜೀವಕೋಶಗಳು ಕಸ ನುಂಗುತ್ತವೆ, ಎಳೆ ಹಳತಾದರೆ ಕರಗಿಸಿ ಹೊಸದು ನೇಯುತ್ತವೆ, ಬಿಗಿಯುತ್ತವೆ, ಸಡಿಲಿಸುತ್ತವೆ. ಯಾವಾಗ ಏನು ಮಾಡಬೇಕೆಂಬ ಆರ್ಡರ್ ಬರುವುದು ಅಣುಗಳ ರೂಪದಲ್ಲಿ. ಅಪ್ಪಯ್ಯನ ಕ್ಯಾಂಟೀನು ನೆನಪಿಸಿಕೊಳ್ಳಿ. ಮಾಣಿ ಹೊರಗಿನಿಂದ ‘ಎರಡು ಮಸಾಲೆ, ಮೂರು ಕಟಿಂಗ್’ ಎಂದು ಕೂಗಿದರೆ ದೋಸೆ ಕಾವಲಿಯ ಮುಂದಿದ್ದವನ ಕಿವಿಗೆ ಬೀಳುವುದು ಮಸಾಲೆ ಮಾತ್ರ, ಚಹಾದವನಿಗೆ ಕಟಿಂಗ್ ಮಾತ್ರ. ಕೂಗು ಒಂದೇ, ಕೆಲಸ ಯಾರು ಕೇಳಿಸಿಕೊಂಡರು ಎಂಬುದರ ಮೇಲೆ. ಕಣ್ಣಿನಲ್ಲೂ ಹಾಗೆಯೇ. ಇದನ್ನು ಮರೆತರೆ ‘ಕೆಟ್ಟ ಅಣು’, ‘ಒಳ್ಳೆಯ ಅಣು’ ಎಂದು ಪಟ್ಟಿ ಮಾಡುವ ಚಟ ಹತ್ತುತ್ತದೆ.

ಟಿಜಿಎಫ್-ಬೀಟಾ 2 ಎಂಬುದನ್ನೇ ನೋಡಿ. ಗ್ಲಾಕೋಮಾ ಇರುವ ಅನೇಕರ ಕಣ್ಣಿನ ನೀರಿನಲ್ಲಿ ಇದು ಹೆಚ್ಚಿರುತ್ತದೆ ಎಂದು 1990ರ ದಶಕದಿಂದಲೇ ಗೊತ್ತು. ಜಾಲರಿಯ ಜೀವಕೋಶಗಳಿಗೆ ಇದು ‘ಕಟ್ಟು, ಇನ್ನೂ ಕಟ್ಟು’ ಎಂಬ ಆರ್ಡರ್. ಅವು ಫೈಬ್ರೊನೆಕ್ಟಿನ್, ಕೊಲಾಜೆನ್‌ನಂಥ ಎಳೆಗಳನ್ನು ಸುರಿಯುತ್ತವೆ, ಎಳೆಗೆ ಎಳೆ ಗಂಟು ಹಾಕುತ್ತವೆ, ಕರಗಿಸುವ ಕಿಣ್ವಗಳ ಕೈ ಕಟ್ಟುತ್ತವೆ. ಜಾಲರಿ ಬಿರುಸಾಗುತ್ತದೆ. ಹಾಗಾದರೆ ಇದನ್ನು ತಡೆದುಬಿಟ್ಟರಾಯಿತಲ್ಲ ಎನ್ನಬಹುದು ನಿಮ್ಮ ಹುಡುಗ. ಅಷ್ಟು ಸುಲಭವಿಲ್ಲ. ಕಣ್ಣಿನೊಳಗೆ ಉರಿಯೂತ ಏಳದಂತೆ ಸಮಾಧಾನದಲ್ಲಿ ಇಡುವುದೂ ಇದೇ ಅಣು. ಮೇಲಾಗಿ ಒಂದು ಅನುಭವ ಆಗಿದೆ. ಆಪರೇಷನ್ನಿನಲ್ಲಿ ನೀರು ಹೋಗಲು ನಾವು ಹೊಸ ದಾರಿ ತೆಗೆದರೆ, ಗಾಯ ಮಾಯಿಸುವ ಉತ್ಸಾಹದಲ್ಲಿ ಟಿಜಿಎಫ್-ಬೀಟಾ ಅದನ್ನೂ ಮುಚ್ಚಲು ನೋಡುತ್ತದೆ. ಅದನ್ನು ತಡೆಯುವ ಪ್ರತಿಕಾಯವೊಂದನ್ನು ತಯಾರಿಸಿ ರೋಗಿಗಳಲ್ಲಿ ಪ್ರಯೋಗಿಸಿದರು. 2007ರಲ್ಲಿ ಫಲಿತಾಂಶ ಬಂತು, ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸವಿರಲಿಲ್ಲ. ಇಂದಿಗೂ ನಾವು ಆ ಕೆಲಸಕ್ಕೆ ಬಳಸುವುದು ಮೈಟೊಮೈಸಿನ್ ಎಂಬ ಹಳೆಯ ಔಷಧವನ್ನೇ.

ಜಾಲರಿಯ ಬಿಗಿತಕ್ಕೆ ಇನ್ನೆರಡು ಹೆಸರು ಸಾಕು. ರೋ-ಕೈನೇಸ್ ಎಂಬ ಕಿಣ್ವ ಜೀವಕೋಶವನ್ನು ಬಿಗಿಹಿಡಿಸುತ್ತದೆ, ನೈಟ್ರಿಕ್ ಆಕ್ಸೈಡ್ ಸಡಿಲಿಸುತ್ತದೆ. ಮೊದಲನೆಯದನ್ನು ತಡೆಯುವ ಹನಿಗಳು ಬಂದಿವೆ: ಜಪಾನಿನಲ್ಲಿ 2014ರಲ್ಲಿ ರಿಪಾಸುಡಿಲ್, ಅಮೆರಿಕದಲ್ಲಿ 2017ರಲ್ಲಿ ನೆಟಾರ್ಸುಡಿಲ್. ಎರಡೂ ಈಗ ಭಾರತದಲ್ಲಿ ಸಿಗುತ್ತವೆ. ಕಣ್ಣು ಚೆನ್ನಾಗಿಯೇ ಕೆಂಪಾಗುತ್ತದೆ, ಕೆಂಪಿನ ಬಗ್ಗೆ ಈಗಾಗಲೇ ದೂರುತ್ತಿರುವ ನಿಮಗೆ ಮೊದಲ ಆಯ್ಕೆಯಾಗಿ ನಾನು ಇದನ್ನು ಬರೆಯಲಾರೆ.

ಇನ್ನು ನಿಮ್ಮ ಲ್ಯಾಟಾನೊಪ್ರೊಸ್ಟ್. ಇದು ಪ್ರೊಸ್ಟಾಗ್ಲಾಂಡಿನ್ ಎಂಬ ಸಂದೇಶದ ಅಣುವಿನ ನಕಲು. ಅಸಲಿ ಅಣು ಕಣ್ಣಿನಲ್ಲಿ ಉರಿಯೂತ ತರುವ ಖಳನಾಯಕ ಎಂದೇ ಬಹುಕಾಲ ಹೆಸರಾಗಿತ್ತು. ಹೆಚ್ಚು ಹಾಕಿದರೆ ಪ್ರೆಶರ್ ಏರುತ್ತಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೊ ಬಿಟೊ ಬಹಳ ಕಡಿಮೆ ಪ್ರಮಾಣದಲ್ಲಿ ಹಾಕಿ ನೋಡಿದರು, ಪ್ರೆಶರ್ ಇಳಿಯಿತು. ಆ ಜಾಡು ಹಿಡಿದೇ 1996ರಲ್ಲಿ ಲ್ಯಾಟಾನೊಪ್ರೊಸ್ಟ್ ಅಮೆರಿಕದ ಮಾರುಕಟ್ಟೆಗೆ ಬಂತು. ಕಣ್ಣಿನೊಳಗಿನ ಸ್ನಾಯುವಿನ ಜೀವಕೋಶಗಳಿಗೆ ಇದು ‘ಸುತ್ತಲಿನ ಎಳೆಗಳನ್ನು ಕರಗಿಸು’ ಎಂದು ಹೇಳುತ್ತದೆ, ನೀರಿಗೆ ಹಿತ್ತಲಿನ ದಾರಿ ಅಗಲವಾಗುತ್ತದೆ. ರೆಪ್ಪೆಗೂದಲು ಉದ್ದವಾಗುವುದೂ ಇದೇ ಕೂಗನ್ನು ಅಲ್ಲಿನ ಬೇರುಗಳು ಕೇಳಿಸಿಕೊಂಡು. ಹೀಗಿರುವಾಗ ‘ಸಿಗ್ನಲ್ ಮುಟ್ಟದ ಔಷಧ’ ಎಂದು ಇದನ್ನು ಹೇಗೆ ಕರೆಯುವುದು?

ಪ್ರೆಶರ್ ಇಳಿಸುವುದರಿಂದ ನರಕ್ಕೆ ಏನು ಲಾಭ ಎಂಬುದಕ್ಕೆ ನನಗೆ ತುಂಬ ಹಿಡಿಸಿದ ಪುರಾವೆ, ಪ್ರೆಶರ್ ಏರದೆಯೇ ಗ್ಲಾಕೋಮಾ ಬಂದವರದು. ಅಂಥವರೂ ಇದ್ದಾರೆ, ಪ್ರೆಶರ್ 21ರ ಒಳಗೇ, ಅಂದರೆ ಸಾಮಾನ್ಯ ಮಟ್ಟದಲ್ಲೇ ಇದ್ದರೂ ನರ ಸವೆಯುತ್ತದೆ. ನಿಮ್ಮ ಹುಡುಗನ ವಾದದ ಪ್ರಕಾರ ಇವರಿಗೆ ಪ್ರೆಶರ್ ಇಳಿಸಿ ಏನೂ ಸಿಗಬಾರದು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇವರ ಪ್ರೆಶರನ್ನೂ 30% ಇಳಿಸಿ ನೋಡಿದರು. ಚಿಕಿತ್ಸೆ ಕೊಡದವರಲ್ಲಿ 35% ಕಣ್ಣುಗಳು ಹದಗೆಟ್ಟರೆ, ಇಳಿಸಿದವರಲ್ಲಿ 12% ಮಾತ್ರ.

ಕಾರಣ ನರದ ಬುಡದಲ್ಲಿದೆ. 12 ಲಕ್ಷ ಎಳೆಗಳು ಕಣ್ಣಿನಿಂದ ಹೊರಬೀಳುವಾಗ ತೂತುತೂತಾದ ಒಂದು ತಟ್ಟೆಯ ಮೂಲಕ ನುಸುಳುತ್ತವೆ. ಪ್ರೆಶರ್ ಆ ತಟ್ಟೆಯನ್ನು ಹಿಂದಕ್ಕೆ ಬಗ್ಗಿಸುತ್ತದೆ, ಎಳೆಗಳೊಳಗಿನ ಸಾಗಾಟ ಸಿಕ್ಕಿಹಾಕಿಕೊಳ್ಳುತ್ತದೆ. ಮಿದುಳಿನ ಕಡೆಯಿಂದ ಜೀವಕೋಶಕ್ಕೆ ಬರಬೇಕಾದ ‘ಬದುಕಿರು’ ಎನ್ನುವ ಪೋಷಕ ಅಣುಗಳು ದಾರಿಯಲ್ಲೇ ನಿಲ್ಲುತ್ತವೆ. ಲೋಕಲ್ ರೈಲು ನಿಂತಾಗ ಡೊಂಬಿವಲಿಯಲ್ಲಿ ಏನಾಗುತ್ತದೆ ನಿಮಗೆ ಗೊತ್ತು. ಆಮೇಲೆ ಉಳಿದವು ಸೇರಿಕೊಳ್ಳುತ್ತವೆ: ರಕ್ತನಾಳ ಕುಗ್ಗಿಸುವ ಎಂಡೊಥೆಲಿನ್, ನೆರೆಯ ಕೋಶಗಳು ಸ್ರವಿಸುವ ಟಿಎನ್‌ಎಫ್-ಆಲ್ಫಾದಂಥ ಉರಿಯೂತದ ಅಣುಗಳು, ಸಾಯುತ್ತಿರುವ ಕೋಶಕ್ಕೆ ಗುರುತು ಹಾಕುವ ಪ್ರೋಟೀನುಗಳು. ಒಬ್ಬೊಬ್ಬರ ನರದ ತಾಳಿಕೆ ಒಂದೊಂದು ಥರ. ಒಬ್ಬರಿಗೆ 26 ಏನೂ ಮಾಡದು, ಇನ್ನೊಬ್ಬರಿಗೆ 17 ಕೂಡ ಹೆಚ್ಚು. ಪ್ರೆಶರ್ ಒಂದೇ ಕಾರಣವಲ್ಲ ಎನ್ನುವುದು ಈ ಅರ್ಥದಲ್ಲಿ ಸತ್ಯ. ಆದರೆ ಈ ಸರಪಳಿಯಲ್ಲಿ ಇವತ್ತು ನಮ್ಮ ಕೈಗೆ ಸಿಗುವ, ಹಿಡಿದು ಎಳೆಯಬಹುದಾದ ಕೊಂಡಿ ಅದೊಂದೇ. ನೇರವಾಗಿ ನರ ಉಳಿಸುವ ಪ್ರಯತ್ನಗಳೂ ನಡೆದಿವೆ. ಮರೆವಿನ ರೋಗಕ್ಕೆ ಕೊಡುವ ಮೆಮಾಂಟಿನ್ ಗುಳಿಗೆಯನ್ನು ಎರಡು ದೊಡ್ಡ ಪ್ರಯೋಗಗಳಲ್ಲಿ ಕೊಟ್ಟು ನಾಲ್ಕು ವರ್ಷ ನೋಡಿದರು. 2018ರಲ್ಲಿ ಪ್ರಕಟವಾದ ಉತ್ತರ: ಪ್ರಯೋಜನ ಕಾಣಲಿಲ್ಲ.

ರಕ್ತಪರೀಕ್ಷೆ ಬೇಡ. ಈ ಅಣುಗಳನ್ನು ಅಳೆದದ್ದು ಬಹುಪಾಲು ಆಪರೇಷನ್ ಸಮಯದಲ್ಲಿ ಕಣ್ಣಿನೊಳಗಿಂದ ತೆಗೆದ ನೀರಿನಲ್ಲಿ. ರೋಗಿಗಳ ಸರಾಸರಿ ಹೆಚ್ಚಿದ್ದರೂ ಆರೋಗ್ಯವಂತರ ಅಂಕೆ, ರೋಗಿಗಳ ಅಂಕೆ ಒಂದರೊಳಗೊಂದು ಬೆರೆತಿರುತ್ತವೆ. ನಿಮ್ಮ ಕೈಯ ರಕ್ತದಲ್ಲಿ ನೋಡಿ ನಿಮ್ಮ ಕಣ್ಣಿನ ಭವಿಷ್ಯ ಹೇಳುವ ಲ್ಯಾಬ್ ಇಲ್ಲ. ಹೇಳುತ್ತೇವೆ ಎಂದವರಿಗೆ ದುಡ್ಡು ಕೊಡಬೇಡಿ.

ಈಗ ಆ ಸಾಲು. ಕೆಂಪುಕಣ್ಣಿನ ಡ್ರಾಪ್ಸ್.

ಎರಡು ದಿನದಲ್ಲಿ ಕೆಂಪು, ತುರಿಕೆ ಎರಡನ್ನೂ ಒರೆಸಿ ಹಾಕುವ ಹನಿ ಎಂದರೆ ನನಗೆ ಮೊದಲು ಬರುವ ಅನುಮಾನ ಸ್ಟೀರಾಯ್ಡ್. ಚೀಟಿಯಿಲ್ಲದೆ ಮಾರುವ ಹಾಗಿಲ್ಲ, ಆದರೂ ಮಾರುತ್ತಾರೆ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್, ಫ್ಲೋರೊಮೆಥೊಲೋನ್, ಇವುಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಎಷ್ಟೋ ಸಲ ಆಂಟಿಬಯಾಟಿಕ್‌ನ ಹೆಸರು ಮುಂದೆ ದಪ್ಪಕ್ಷರದಲ್ಲಿದ್ದು, ಸ್ಟೀರಾಯ್ಡ್ ಅದರ ಹಿಂದೆ ಸಣ್ಣಕ್ಷರದಲ್ಲಿ ಕೂತಿರುತ್ತದೆ. ಕೊನೆಯ ಎರಡು ಪ್ರೆಶರ್ ಏರಿಸುವುದು ಕಡಿಮೆ, ಏರಿಸುವುದೇ ಇಲ್ಲ ಎಂದಲ್ಲ.

ಸ್ಟೀರಾಯ್ಡ್ ಕೂಡ ಸಂದೇಶದ ಅಣುವೇ, ಹಾರ್ಮೋನು. ಟಿಜಿಎಫ್-ಬೀಟಾ ಜೀವಕೋಶದ ಬಾಗಿಲಲ್ಲಿ ನಿಂತು ಕೂಗಿದರೆ ಇದು ಸೀದಾ ಒಳಗೆ ಹೋಗಿ ಜೀನುಗಳ ಹತ್ತಿರ ಕೂತು ಆರ್ಡರ್ ಬದಲಿಸುತ್ತದೆ. ಜಾಲರಿಯ ಕೋಶಗಳು ಎಳೆ ಸುರಿಯುತ್ತವೆ, ಒಳಗಿನ ಹಂದರ ಗೋಜಲಾಗಿ ಸೆಟೆದುಕೊಳ್ಳುತ್ತದೆ, ಕಸ ನುಂಗುವುದು ನಿಲ್ಲುತ್ತದೆ. ಮೈಯೊಸಿಲಿನ್ ಎಂಬ ಪ್ರೋಟೀನನ್ನು ವಿಜ್ಞಾನಿಗಳು ಗಮನಿಸಿದ್ದೇ ಸ್ಟೀರಾಯ್ಡ್ ಹಾಕಿದ ಜಾಲರಿಯ ಕೋಶಗಳಲ್ಲಿ ಅದು ಉಕ್ಕಿ ಬಂದದ್ದರಿಂದ. ಅದರ ಜೀನಿನಲ್ಲಿ ದೋಷವಿದ್ದರೆ ಗ್ಲಾಕೋಮಾ ಬರುತ್ತದೆ ಎಂದು 1997ರಲ್ಲಿ ತಿಳಿಯಿತು. ಅಂದರೆ ನಿಮ್ಮ ತಂಗಿಯ ಮಗ ಓದುವ ವಿಜ್ಞಾನದ ಒಂದು ಭಾಗ ಶುರುವಾದದ್ದೇ ಈ ಥರದ ಬಾಟಲಿಯಿಂದ.

ಸ್ಟೀರಾಯ್ಡ್ ಹನಿಯನ್ನು ಕೆಲವು ವಾರ ಹಾಕಿದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಪ್ರೆಶರ್ ಸ್ವಲ್ಪವಾದರೂ ಏರುತ್ತದೆ, ನೂರಕ್ಕೆ ನಾಲ್ಕೈದು ಜನರಿಗೆ ತೀರ ಏರುತ್ತದೆ. ತಂದೆ ತಾಯಿಗೆ ಗ್ಲಾಕೋಮಾ ಇದ್ದವರಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು. ಅಲರ್ಜಿ ಮೊದಲಿನಿಂದಲೂ ಇದೆ ಎಂದಿದ್ದೀರಿ, ಹಾಗಾಗಿ ಈ ಹನಿಯನ್ನು ನೀವು ವರ್ಷಗಳಿಂದ ಹಾಕುತ್ತಿರಬಹುದು. ಈಗ ಲ್ಯಾಟಾನೊಪ್ರೊಸ್ಟ್‌ನಿಂದ ಕಣ್ಣು ಕೆಂಪಾದದ್ದಕ್ಕೂ ಅದನ್ನೇ ಹಾಕುತ್ತಿದ್ದೀರಿ. ಅದು ಸ್ಟೀರಾಯ್ಡೇ ಆಗಿದ್ದರೆ, ರಾತ್ರಿ ಒಂದು ಹನಿ ದಾರಿ ತೆರೆಯುತ್ತದೆ, ಹಗಲಲ್ಲಿ ಇನ್ನೊಂದು ಹನಿ ಅದೇ ನೀರಿಗೆ ಮುಂದಿನ ಬಾಗಿಲು ಹಾಕುತ್ತದೆ. 26ರಿಂದ 20ಕ್ಕೇ ನಿಂತಿರುವುದಕ್ಕೆ ಇದೂ ಕಾರಣವಿರಬಹುದು.

ನಿಮ್ಮ ಗ್ಲಾಕೋಮಾ ಅಪ್ಪಯ್ಯನಿಂದ ಬಂದದ್ದೋ, ಬಾಟಲಿಯಿಂದ ಬಂದದ್ದೋ, ಎರಡೂ ಸೇರಿಯೋ ಎಂದು ಪತ್ರ ಓದಿ ಹೇಳಲು ಆಗುವುದಿಲ್ಲ. ತಿಳಿಯುವ ದಾರಿ ಇದೆ. ಅದು ಸ್ಟೀರಾಯ್ಡ್ ಎಂದಾದರೆ ಕಣ್ಣಿನ ಡಾಕ್ಟರಿಗೆ ತೋರಿಸಿ ನಿಲ್ಲಿಸಿ, ನಾಲ್ಕರಿಂದ ಆರು ವಾರ ಬಿಟ್ಟು ಪ್ರೆಶರ್ ನೋಡಿಸಿ. ಕಡಿಮೆ ಕಾಲ ಬಳಸಿದವರಲ್ಲಿ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಇಳಿಯುತ್ತದೆ, ವರ್ಷಗಟ್ಟಲೆ ಬಳಸಿದವರಲ್ಲಿ ಇಳಿಯದೆಯೂ ಇರಬಹುದು. ಅಲರ್ಜಿಗೆ ಒಲೊಪಟಾಡಿನ್‌ನಂಥ ಸ್ಟೀರಾಯ್ಡ್ ಅಲ್ಲದ ಹನಿಗಳಿವೆ, ತಣ್ಣೀರು ಬಟ್ಟೆ ಇದೆ. ಕಣ್ಣುಜ್ಜುವುದನ್ನಂತೂ ಬಿಡಬೇಕು. ಮುಖಕ್ಕೆ ಹಚ್ಚುವ ಬೆಳ್ಳಗಾಗುವ ಕ್ರೀಮು, ಮೊಣಕಾಲಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್, ದಮ್ಮಿನ ಪಂಪು, ಇವುಗಳಲ್ಲೂ ಸ್ಟೀರಾಯ್ಡ್ ಇರಬಹುದು, ಇದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. ಪಂಪನ್ನೋ ಮಾತ್ರೆಯನ್ನೋ ಗಾಬರಿಯಲ್ಲಿ ನೀವೇ ನಿಲ್ಲಿಸಬೇಡಿ, ಅದು ಬೇರೆ ಅಪಾಯ.

ಮುಂದಿನ ಆಯ್ಕೆಗಳು ನಿಮ್ಮ ಡಾಕ್ಟರ ಹತ್ತಿರ ಮಾತಾಡಲಿಕ್ಕೆ.

20 ಸಾಕೇ ಎಂದು ಕೇಳಿ. ನರಕ್ಕೆ ಈಗಾಗಲೇ ಪೆಟ್ಟು ಬಿದ್ದಿದೆ, ತಂದೆಯ ಚರಿತ್ರೆ ಇದೆ, ಕಾರ್ನಿಯಾ ಸರಾಸರಿ 540 ಮೈಕ್ರಾನ್‌ಗಿಂತ ತೆಳು. ತೆಳು ಕಾರ್ನಿಯಾದಲ್ಲಿ ಯಂತ್ರ ಪ್ರೆಶರನ್ನು ತುಸು ಕಡಿಮೆಯೇ ತೋರಿಸುತ್ತದೆ. ನಾನಾಗಿದ್ದರೆ 18ಕ್ಕಿಂತ ಕೆಳಗೆ ನೋಡುತ್ತಿದ್ದೆ. ನಿಮ್ಮ ಪತ್ರದಲ್ಲಿ ಗೋನಿಯೊಸ್ಕೋಪಿಯ ಮಾತಿಲ್ಲ. ಕಣ್ಣಿಗೆ ಕನ್ನಡಿಯ ಲೆನ್ಸ್ ಇಟ್ಟು ಆ ಮೂಲೆ ತೆರೆದಿದೆಯೋ ಮುಚ್ಚಿದೆಯೋ ನೋಡುವ ಪರೀಕ್ಷೆ ಅದು. ನಾನು ಮೇಲೆ ಹೇಳಿದ್ದೆಲ್ಲ ಮೂಲೆ ತೆರೆದಿದ್ದವರ ಕಥೆ. ಮುಚ್ಚುವ ಬಗೆ ನಮ್ಮ ದೇಶದಲ್ಲಿ ಅಪರೂಪವಲ್ಲ, ಅದರ ಚಿಕಿತ್ಸೆ ಬೇರೆ. ಆಗಿದೆಯೇ ಎಂದು ಕೇಳಿಯೇ ಬನ್ನಿ.

ಕೆಂಪು ಸಹಿಸಲಾಗದಿದ್ದರೆ ಪ್ರಿಸರ್ವೇಟಿವ್ ಇಲ್ಲದ ಹನಿ ಕೇಳಿ, ಎಷ್ಟೋ ಸಲ ಕೆರಳಿಸುವುದು ಔಷಧಕ್ಕಿಂತ ಅದನ್ನು ಕೆಡದಂತೆ ಇಡುವ ರಾಸಾಯನಿಕ. ಪ್ರೆಶರ್ ಇಳಿಸುವ ಬೇರೆ ಹನಿಗಳಲ್ಲಿ ಟಿಮೊಲಾಲ್ ಅಗ್ಗ, ಕಣ್ಣು ಕೆಂಪಾಗುವುದು ಕಡಿಮೆ, ಆದರೆ ದಮ್ಮು ಇದ್ದವರಿಗೆ, ಹೃದಯದ ಬಡಿತ ನಿಧಾನ ಇದ್ದವರಿಗೆ ಕೊಡಬಾರದು. ಬ್ರಿಮೊನಿಡಿನ್ ಅಲರ್ಜಿಯ ಕಣ್ಣಿಗೆ ಹೆಚ್ಚಾಗಿ ಒಗ್ಗುವುದಿಲ್ಲ.

ನಿಮ್ಮಂಥವರಿಗೆ ನಾನು ಗಂಭೀರವಾಗಿ ಯೋಚಿಸುವುದು ಎಸ್‌ಎಲ್‌ಟಿ ಲೇಸರ್. ಹತ್ತು ನಿಮಿಷದ ಕೆಲಸ, ಚಾಕು ಇಲ್ಲ. ಜಾಲರಿಯ ಕೋಶಗಳ ಮೇಲೆ ಸೆಕೆಂಡಿನ ಶತಕೋಟಿಯಲ್ಲಿ ಮೂರು ಭಾಗದಷ್ಟು ಹೊತ್ತು ಬೆಳಕು ಬೀಳುತ್ತದೆ. ಬೆಚ್ಚಿದ ಕೋಶಗಳು ಇಂಟರ್‌ಲ್ಯೂಕಿನ್, ಟಿಎನ್‌ಎಫ್-ಆಲ್ಫಾ ಬಿಡುಗಡೆ ಮಾಡುತ್ತವೆ, ಅದಕ್ಕೆ ಓಗೊಟ್ಟು ಕಸ ನುಂಗುವ ಕೋಶಗಳು ಬರುತ್ತವೆ, ಎಳೆ ಕರಗಿಸುವ ಕಿಣ್ವ ಏಳುತ್ತದೆ. ಅದೇ ಟಿಎನ್‌ಎಫ್-ಆಲ್ಫಾ, ನರದ ಹತ್ತಿರ ಕೊಲೆಗಾರ, ಜಾಲರಿಯಲ್ಲಿ ಜಾಡಮಾಲಿ. ನಿಮ್ಮ ಹುಡುಗನಿಗೆ ಇದನ್ನು ಓದಿ ಹೇಳಿ, ಖುಷಿಪಡುತ್ತಾನೆ. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯವರ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೇಸರ್‌ನಿಂದಲೇ ಚಿಕಿತ್ಸೆ ಶುರುಮಾಡಿದವರಲ್ಲಿ ಸುಮಾರು 74% ಮಂದಿಗೆ 3 ವರ್ಷ ಹನಿಯೇ ಬೇಕಾಗಲಿಲ್ಲ. ತೊಂದರೆಗಳೂ ಇವೆ: ಮೊದಲ ದಿನ ಪ್ರೆಶರ್ ಜಿಗಿಯಬಹುದು, ಕೆಲವರಿಗೆ ಫಲ ಕೊಡುವುದಿಲ್ಲ, ಕೊಟ್ಟರೂ ಕೆಲವು ವರ್ಷಕ್ಕೆ ಸವೆಯುತ್ತದೆ. ಆಮೇಲೂ ತಪಾಸಣೆ ತಪ್ಪಿದ್ದಲ್ಲ. ಆಪರೇಷನ್ನಿನ ಮಾತು ನಿಮಗೆ ಈಗ ಬೇಡ.

ಬಿ3, ಅಂದರೆ ನಿಕೋಟಿನಮೈಡ್. 2017ರಲ್ಲಿ ಇಲಿಗಳಲ್ಲಿ ಅಚ್ಚರಿಯ ಫಲ ಕಂಡಿತು, ಮನುಷ್ಯರಲ್ಲಿ ಸಣ್ಣ ಪ್ರಯೋಗಗಳು ಆಸೆ ಹುಟ್ಟಿಸಿವೆ, ದೊಡ್ಡವು ಬೇಕು. ಆ ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ 3 ಗ್ರಾಂವರೆಗೆ, ಊಟದಲ್ಲಿ ನಮಗೆ ಬೇಕಾದದ್ದು ಸುಮಾರು 15 ಮಿಲಿಗ್ರಾಂ. ಆ ಪ್ರಮಾಣದಲ್ಲಿ ಅದು ವಿಟಮಿನ್ ಅಲ್ಲ, ಔಷಧ. ಯಕೃತ್ತಿಗೆ ಪೆಟ್ಟಾದ ಉದಾಹರಣೆ ಇದೆ. ಹನಿಯ ಬದಲಿಗೆ ಅಂತೂ ಬೇಡ.

ಶೀರ್ಷಾಸನ ಬಿಡಿ. ಚೆನ್ನೈಯ ಕಣ್ಣಿನ ವೈದ್ಯರು ಯೋಗ ಮಾಡುವವರ ಪ್ರೆಶರನ್ನು ತಲೆಕೆಳಗಾಗಿ ನಿಂತಾಗಲೇ ಅಳೆದು 2006ರಲ್ಲಿ ಪ್ರಕಟಿಸಿದ್ದಾರೆ: ಸುಮಾರು ಎರಡು ಪಟ್ಟು ಏರುತ್ತದೆ. ಸರ್ವಾಂಗಾಸನವೂ ಬೇಡ. ಉಳಿದ ಆಸನ, ನಡಿಗೆ ಧಾರಾಳವಾಗಿ ಮಾಡಿ.

ಒಂದು ಸಣ್ಣ ವಿಷಯ ದೊಡ್ಡ ವ್ಯತ್ಯಾಸ ಮಾಡುತ್ತದೆ. ನನ್ನ ಮೇಜಿನ ಮೇಲೆ ಕಣ್ಣೀರಿನ ಹನಿಯ ಒಂದು ಬಾಟಲಿ ಇಟ್ಟಿರುತ್ತೇನೆ, ‘ಮನೆಯಲ್ಲಿ ಹೇಗೆ ಹಾಕ್ಕೋತೀರಿ, ತೋರಿಸಿ’ ಎನ್ನುತ್ತೇನೆ. ಒಬ್ಬರು ಕಣ್ಣು ಮಿಟುಕಿಸುತ್ತ ಮೂರು ಹನಿ ಕೆನ್ನೆಗೆ ಸುರಿಯುತ್ತಾರೆ, ಇನ್ನೊಬ್ಬರು ಬಾಟಲಿಯ ತುದಿಯನ್ನು ರೆಪ್ಪೆಗೆ ಒರೆಸುತ್ತಾರೆ. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಬಟ್ಟಲು ಮಾಡಿ, ಮೇಲೆ ನೋಡಿ, ಒಂದೇ ಹನಿ. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಸುತ್ತಲೂ ಜಿನುಗಿದ್ದನ್ನು ಒರೆಸಿ, ಇಲ್ಲದಿದ್ದರೆ ರೆಪ್ಪೆಯ ಸುತ್ತ ಕಪ್ಪಾಗುತ್ತದೆ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ, ತೆರೆದದ್ದು ಆರು ವಾರಕ್ಕೆ ಮುಗಿಯಬೇಕು, ತೆರೆದ ತಾರೀಕನ್ನು ಪೆನ್ನಿನಲ್ಲಿ ಬರೆದಿಡಿ.

ಇನ್ನು ಆ ಕೆಂಪುಕಣ್ಣಿನ ಬಾಟಲಿಯ ಮೇಲಿನ ಅಕ್ಷರ ತುಂಬ ಸಣ್ಣದು. ತಂಗಿಯ ಮಗ ಪುಣೆಯಿಂದ ಬಂದಾಗ ಅವನ ಕೈಗೆ ಕೊಟ್ಟು ಓದಿಸಿ. ರಾಟರ್‌ಡ್ಯಾಮ್ ನಗರದಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ಗ್ಲಾಕೋಮಾ ಇರುವವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಅದು ಬರುವ ಸಂಭವ ಉಳಿದವರಿಗಿಂತ ಸುಮಾರು 9 ಪಟ್ಟು. ಅವನ ಅಮ್ಮನ ಕಣ್ಣಿನ ಪ್ರೆಶರ್ ಎಷ್ಟು ಎಂದು ಅವನಿಗೆ ಗೊತ್ತಿದೆಯೇ ಎಂದೂ ಅದೇ ಹೊತ್ತಿಗೆ ಕೇಳಿಬಿಡಿ.